ಟ್ರಿಯೆಸ್ಟ್ ಪಟ್ಟಣದ ಕಾಫಿ ಬಟ್ಟಲು

ನಮ್ಮ ಕಣದಿಂದ ಕಾಫಿ ಚೀಲ ಹೊರಟು ಕ್ಯೂರಿಂಗ್ ವರ್ಕ್ಸ್ ಸೇರಿದ ಮೇಲೆ ಅದರ ಗತಿಯೇನಾಯಿತೆಂದು ನಮ್ಮಲ್ಲಿ ಹೆಚ್ಚಿನವರು ವಿಚಾರಿಸುವುದಿಲ್ಲ. ಔಟ್‌ಟರ್ನ್ ಎಷ್ಟು ಬಂತು, ದರ ಎಷ್ಟು ಕೂತಿತು, ಅಷ್ಟಕ್ಕೆ ಲೆಕ್ಕ ಮುಗಿಯುತ್ತದೆ. ಅಡಿಕೆಯ ವಿಷಯ ಹೀಗಲ್ಲ. ಅದನ್ನು ಜಗಿಯುವವರು ನಮ್ಮ ಜಗಲಿಯಲ್ಲೇ ಕುಳಿತಿರುತ್ತಾರೆ; ಯಾವ ಅಡಿಕೆ ಚೆನ್ನ, ಯಾವುದು ಒಗರು ಎಂದು ಮುಖಕ್ಕೇ ಹೇಳುತ್ತಾರೆ. ಕಾಫಿಯನ್ನು ಕುಡಿಯುವವರು ಮಾತ್ರ ಬಹುಪಾಲು ಸಮುದ್ರದಾಚೆ ಇದ್ದಾರೆ. ನಮ್ಮ ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೊರದೇಶಕ್ಕೆ ಹೋಗುತ್ತದೆ, ಮತ್ತು ಅನೇಕ ವರ್ಷಗಳಿಂದ ಅದನ್ನು ಎಲ್ಲರಿಗಿಂತ ಹೆಚ್ಚಾಗಿ ಕೊಳ್ಳುತ್ತಿರುವ ದೇಶ ಇಟಲಿ.

ಕಾಫಿ ಮಂಡಳಿಯ ಪೂಲ್ ಪದ್ಧತಿ ನಡೆಯುತ್ತಿದ್ದ ಕಾಲದಲ್ಲಿ ಕುಡಿಯುವವನ ಮುಖ ನೋಡುವ ಅಗತ್ಯ ಬೆಳೆಗಾರನಿಗೆ ಅಷ್ಟಾಗಿ ಇರಲಿಲ್ಲ. 1996ರ ವೇಳೆಗೆ ಮಾರಾಟ ಪೂರ್ತಿ ಮುಕ್ತವಾಯಿತು. ಅಲ್ಲಿಂದೀಚೆಗೆ ನಮ್ಮ ಕಾಫಿಯ ಗುಣಕ್ಕೂ ಅವಗುಣಕ್ಕೂ ನಾವೇ ಹೊಣೆ. ಆದ್ದರಿಂದ ಈ ಸಲದ ಅಭ್ಯಾಸಕ್ಕೆ ಇಟಲಿಯ ಒಂದು ರೇವುಪಟ್ಟಣವನ್ನು ಆರಿಸಿಕೊಂಡಿದ್ದೇವೆ. ಇಟಲಿಗೆ ಹೋಗುವ ನಮ್ಮ ಕಾಫಿಯೆಲ್ಲ ಈ ಒಂದೇ ರೇವಿನಲ್ಲಿ ಇಳಿಯುವುದಿಲ್ಲ; ಜಿನೋವಾ ಮೊದಲಾದ ರೇವುಗಳೂ ಇವೆ. ಆದರೆ ಕಾಫಿಯನ್ನೇ ನೆಚ್ಚಿ ಬೆಳೆದ ಪಟ್ಟಣವೆಂದರೆ ಟ್ರಿಯೆಸ್ಟ್. ಅಲ್ಲಿ ಒಂದು ಕಾಫಿ ಗಿಡವೂ ಬೆಳೆಯದು. ಚಳಿಗಾಲದಲ್ಲಿ 'ಬೋರಾ' ಎಂಬ ಕೊರೆಯುವ ಗಾಳಿ ಬೆಟ್ಟದ ಕಡೆಯಿಂದ ಬೀಸಿ ನಡೆಯುವವರನ್ನೇ ಕೆಡಹುವಂಥ ಊರು ಅದು.

ಹಲವು ಜನ, ಒಂದು ರೇವು

ಟ್ರಿಯೆಸ್ಟ್ ಇರುವುದು ಏಡ್ರಿಯಾಟಿಕ್ ಸಮುದ್ರದ ತುದಿಯಲ್ಲಿ, ಇಟಲಿಯ ಈಶಾನ್ಯ ಮೂಲೆಯಲ್ಲಿ. ಊರಿನ ಹಿಂದಿನ ಗುಡ್ಡ ಹತ್ತಿದರೆ ಸ್ಲೊವೇನಿಯಾ ದೇಶದ ಗಡಿ. 1382ರಿಂದ 1918ರವರೆಗೆ ಈ ಊರು ಆಸ್ಟ್ರಿಯಾದ ಅರಸರ ಕೈಯಲ್ಲಿತ್ತು. ಸಮುದ್ರವಿಲ್ಲದ ವಿಯೆನ್ನಾಕ್ಕೆ ಇದೇ ಬಾಗಿಲು. 1719ರಲ್ಲಿ ಆರನೆಯ ಚಾರ್ಲ್ಸ್ ಚಕ್ರವರ್ತಿ ಇದನ್ನು ಸುಂಕವಿಲ್ಲದ ರೇವೆಂದು ಸಾರಿದನು. ಸುಂಕವಿಲ್ಲದ ಕಡೆಗೆ ವ್ಯಾಪಾರಿ ಬರುವುದು ಬೆಲ್ಲಕ್ಕೆ ಇರುವೆ ಬಂದಂತೆಯೇ. ಗ್ರೀಕರು ಬಂದರು, ಸರ್ಬರು ಬಂದರು, ಯೆಹೂದ್ಯರು, ಆರ್ಮೇನಿಯನರು, ಜರ್ಮನ್ ಮಾತಾಡುವ ಅಧಿಕಾರಿಗಳು, ಸುತ್ತಲ ಹಳ್ಳಿಗಳ ಸ್ಲೊವೀನರು, ಸ್ವಿಟ್ಜರ್ಲೆಂಡಿನ ಬೆಟ್ಟಸೀಮೆಯಿಂದ ಮಿಠಾಯಿ ಮಾಡುವವರು, ಎಲ್ಲರೂ ಬಂದರು. ಊರಿನ ಮಾತು ಇಟಾಲಿಯನ್ನಿನ ಒಂದು ಒಳನುಡಿಯಾಗಿಯೇ ಉಳಿಯಿತು. ಇಂದಿಗೂ ಆ ಊರಿನ ಕಾಲುವೆಯ ಸುತ್ತ ನಡೆದರೆ ಸರ್ಬರ ಇಗರ್ಜಿ, ಗ್ರೀಕರ ಇಗರ್ಜಿ, ಕ್ಯಾಥೊಲಿಕರ ಇಗರ್ಜಿ, ಸ್ವಲ್ಪ ದೂರದಲ್ಲಿ 1912ರಲ್ಲಿ ಕಟ್ಟಿದ ಯೆಹೂದ್ಯರ ದೊಡ್ಡ ಪ್ರಾರ್ಥನಾಮಂದಿರ ಎಲ್ಲವೂ ಕಾಣಸಿಗುತ್ತವೆ.

1857ರಲ್ಲಿ ವಿಯೆನ್ನಾದಿಂದ ರೈಲು ಬಂತು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. ಟ್ರಿಯೆಸ್ಟಿನ ಲಾಯ್ಡ್ ಕಂಪೆನಿಯ ಹಡಗುಗಳು ಮುಂಬಯಿಯವರೆಗೂ ಬರತೊಡಗಿದವು. ಹಡಗಿನಲ್ಲಿ ಬಂದಿಳಿದ ಕಾಫಿ ರೈಲು ಹತ್ತಿ ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್ ಸೇರುತ್ತಿತ್ತು. ಈ ವಹಿವಾಟು ಎಷ್ಟು ಬೆಳೆಯಿತೆಂದರೆ 1891ರಲ್ಲಿ ಕಾಫಿ ವ್ಯಾಪಾರಸ್ಥರೆಲ್ಲ ಕೂಡಿ ಒಂದು ಸಂಘವನ್ನೇ ಕಟ್ಟಿಕೊಂಡರು. ಆ ಸಂಘ ಈಗಲೂ ಇದೆ. ಸಂಘ ಕಟ್ಟುವ ಬುದ್ಧಿ ಕೊಳ್ಳುವವರಿಗೆ ಅಷ್ಟು ಹಿಂದೆಯೇ ಬಂದಿತ್ತೆಂಬುದನ್ನು ನಮ್ಮ ಸದಸ್ಯರು ಗಮನಿಸಬೇಕು.

ಕುಡಿಯುವ ರೀತಿಗಳು

ಒಬ್ಬೊಬ್ಬರೂ ತಮ್ಮ ಮನೆಯ ಕಾಫಿ ಪದ್ಧತಿಯನ್ನು ಹೊತ್ತುಕೊಂಡೇ ಬಂದಿದ್ದರು. ಸರ್ಬರು ಮತ್ತು ಬಾಲ್ಕನ್ ಕಡೆಯವರು ತುರ್ಕರಿಂದ ಕಲಿತಂತೆ ನುಣ್ಣನೆಯ ಪುಡಿಯನ್ನು ಉದ್ದ ಹಿಡಿಯ ಸಣ್ಣ ಪಾತ್ರೆಯಲ್ಲಿ ಕುದಿಸಿ, ಗಷ್ಟಿನ ಸಮೇತ ಬಟ್ಟಲಿಗೆ ಬಗ್ಗಿಸಿ, ಗಷ್ಟು ತಳ ಸೇರುವವರೆಗೆ ಕಾಯ್ದು ಕುಡಿಯುವವರು. ಸೋಸುವ ಬಟ್ಟೆಯಿಲ್ಲ, ಫಿಲ್ಟರೂ ಇಲ್ಲ. ವಿಯೆನ್ನಾದ ಕಡೆಯವರದು ದೊಡ್ಡ ಕಾಫಿಗೃಹದ ಪದ್ಧತಿ. ಅಮೃತಶಿಲೆಯ ಮೇಜು, ಬೆತ್ತದ ಕೋಲಿಗೆ ಸಿಕ್ಕಿಸಿದ ದಿನಪತ್ರಿಕೆ, ಬಟ್ಟಲಿನ ಪಕ್ಕಕ್ಕೆ ಒಂದು ಲೋಟ ನೀರು, ಒಂದು ಕಾಫಿ ಕೊಂಡು ಅರ್ಧ ದಿನ ಕೂತರೂ 'ಏಳಿ' ಎನ್ನುವವರಿಲ್ಲ. ಅದೇ ಆಸ್ಟ್ರಿಯನರಿಗೆ ಹುರಿದ ಅಂಜೂರದ ಪುಡಿಯನ್ನು ಕಾಫಿಗೆ ಬೆರೆಸುವ ಅಭ್ಯಾಸವೂ ಇತ್ತು. ಚಿಕೋರಿ ಬೆರೆಸುವ ನಮ್ಮನ್ನು ನೋಡಿ ಮೂಗು ಮುರಿಯುವ ಯುರೋಪಿನವರಿಗೆ ಈ ಅಂಜೂರದ ಮಾತನ್ನು ನೆನಪಿಸಬಹುದು. ಇಟಾಲಿಯನರದು ಇನ್ನೊಂದು ದಾರಿ: ಕಟ್ಟೆಯ ಮುಂದೆ ನಿಂತು ಎರಡು ಗುಟುಕಿನಲ್ಲಿ ಮುಗಿಸಿ ಕೆಲಸಕ್ಕೆ ನಡೆಯುವುದು.

ಈ ಮೂರೂ ಇಂದಿಗೂ ಟ್ರಿಯೆಸ್ಟಿನಲ್ಲಿ ಒಟ್ಟಿಗೆ ಬದುಕಿವೆ. 1830ರ ತೊಮ್ಮಾಸೇವೊ ಕಾಫಿಗೃಹ, ಸಮುದ್ರಕ್ಕೆ ತೆರೆದ ದೊಡ್ಡ ಚೌಕದಲ್ಲಿ ಒಬ್ಬ ಗ್ರೀಕ 1839ರಲ್ಲಿ ತೆರೆದ 'ಕನ್ನಡಿಗಳ ಕಾಫಿಗೃಹ', 1914ರ ಸಾನ್ ಮಾರ್ಕೊ, ಇವೆಲ್ಲ ವಿಯೆನ್ನಾ ಮಾದರಿಯವು. ಅವುಗಳೊಳಗೆ ಹೋಗಿ ನಿಂತು ಇಟಲಿಯ ಎಸ್ಪ್ರೆಸ್ಸೊ ಕುಡಿಯಬಹುದು, ಕೂತು ಪತ್ರಿಕೆಯನ್ನೂ ಓದಬಹುದು. ಐರ್ಲೆಂಡಿನ ಲೇಖಕ ಜೇಮ್ಸ್ ಜಾಯ್ಸ್ 1905ರಿಂದ ಹಲವು ವರ್ಷ ಈ ಊರಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆದನು.

ಆ ಊರಿನವರು ಕಾಫಿ ಕೇಳುವ ಭಾಷೆಯೇ ಬೇರೆ. ನಮ್ಮ ಬೆಂಗಳೂರು, ಮೈಸೂರು ಹೋಟೆಲುಗಳಲ್ಲಿ 'ಬೈ ಟೂ', 'ಸ್ಟ್ರಾಂಗ್', 'ಸಕ್ಕರೆ ಕಮ್ಮಿ' ಎಂದರೆ ಮಾಣಿಗೆ ಅರ್ಥವಾಗುವಂತೆ ಅಲ್ಲಿಯೂ ಒಂದು ಗುಟ್ಟಿನ ನುಡಿಯುಂಟು. ಹಾಲಿಲ್ಲದ ಎಸ್ಪ್ರೆಸ್ಸೊ ಬೇಕಿದ್ದರೆ 'ನೇರೊ' ಎನ್ನಬೇಕು, ಹಾಗೆಂದರೆ 'ಕಪ್ಪು'. ಅದಕ್ಕೆ ಒಂದಿಷ್ಟು ನೊರೆಹಾಲು ಸೇರಿದರೆ 'ಕಾಪೊ'. ಅದನ್ನೇ ಗಾಜಿನ ಪುಟ್ಟ ಲೋಟದಲ್ಲಿ ಕೊಟ್ಟರೆ 'ಕಾಪೊ ಇನ್ ಬಿ'. ಗಾಜಿನ ಲೋಟಕ್ಕೆ ಇಟಾಲಿಯನ್ನಿನಲ್ಲಿರುವ ಹೆಸರಿನ ಮೊದಲಕ್ಷರ ಅದು. ಕೆಫೀನ್ ತೆಗೆದ ಕಾಫಿಗೆ 'ಡೆಕಾ'. ಹೊರಗಿನವರು ಬಂದು 'ಕಪುಚಿನೊ' ಎಂದು ಕೇಳಿದರೆ ದೊಡ್ಡ ಬಟ್ಟಲಿನ ಬದಲು ಪುಟ್ಟ ಬಟ್ಟಲು ಮುಂದೆ ಬಂದು ಕೂರುತ್ತದೆ. ದೊಡ್ಡದು ಬೇಕಾದವರು 'ಕಫೆಲಾತ್ತೆ' ಎನ್ನಬೇಕು. 'ಕಾಪೊ' ಎಂಬ ಹೆಸರಿನ ಬೇರು ವಿಯೆನ್ನಾದ 'ಕಪುಜಿನರ್'ಗೆ ಹೋಗುತ್ತದೆ. ಕಪುಚಿನ್ ಪಂಥದ ಸಂನ್ಯಾಸಿಗಳ ನಿಲುವಂಗಿಯ ಕಂದುಬಣ್ಣ ಬರುವಷ್ಟು ಮಾತ್ರ ಹಾಲು ಬೆರೆಸಿದ ಕಾಫಿ ಅದು. ಹೀಗೆ ಆಸ್ಟ್ರಿಯಾದ ಹೆಸರು ಇಟಲಿಯ ಯಂತ್ರದಿಂದ ಇಳಿಯುವ ಕಾಫಿಗೆ ಅಂಟಿಕೊಂಡಿದೆ.

ಇಷ್ಟು ಹೇಳಿ ಊರಿನವರೆಲ್ಲ ಸದಾ ಒಂದೇ ಮೇಜಿನಲ್ಲಿ ಕೂತು ಕಾಫಿ ಕುಡಿದರೆಂದು ತೋರಿಸಿದರೆ ಅದು ಸುಳ್ಳಾಗುತ್ತದೆ. 1915ರ ಮೇ ತಿಂಗಳಲ್ಲಿ ಇಟಲಿ ಯುದ್ಧಕ್ಕಿಳಿದಾಗ ಇಟಲಿಯ ಪಕ್ಷದವರು ಸೇರುವ ಜಾಗವೆಂದು ಆಸ್ಟ್ರಿಯಾದ ಸೈನಿಕರು ಸಾನ್ ಮಾರ್ಕೊ ಕಾಫಿಗೃಹವನ್ನು ಒಡೆದು ಹಾಳುಗೆಡವಿದರು. ಯುದ್ಧ ಮುಗಿದು ಊರು ಇಟಲಿಯ ಕೈಗೆ ಬಂದ ಮೇಲೆ, 1920ರ ಜುಲೈ 13ರಂದು, ಸ್ಲೊವೀನರ 'ನಾರೊದ್ನಿ ದೋಮ್' ಎಂಬ ಭವನಕ್ಕೆ ಫ್ಯಾಸಿಸ್ಟರು ಬೆಂಕಿಯಿಟ್ಟರು. ಅದರೊಳಗೆ ನಾಟಕಶಾಲೆ, ಹೋಟೆಲು, ಉಳಿತಾಯದ ಬ್ಯಾಂಕು, ಕಾಫಿಗೃಹ ಎಲ್ಲವೂ ಇದ್ದವು. ಆ ಕಟ್ಟಡವನ್ನು ಸ್ಲೊವೀನರಿಗೆ ಮರಳಿ ಕೊಡುವ ಕ್ರಮಕ್ಕೆ ಇಟಲಿ ಸಹಿ ಹಾಕಿದ್ದು ಸರಿಯಾಗಿ ನೂರು ವರ್ಷಗಳ ಬಳಿಕ, 2020ರಲ್ಲಿ. ಎರಡನೆಯ ಮಹಾಯುದ್ಧದ ನಂತರ ಈ ಊರು ಯಾರದೆಂದು ತೀರ್ಮಾನವಾಗದೆ 1954ರವರೆಗೆ ಇಂಗ್ಲಿಷರ ಮತ್ತು ಅಮೆರಿಕನರ ಸೈನ್ಯದ ಆಡಳಿತದಲ್ಲಿತ್ತು. ಆಮೇಲೂ ಕಾಫಿಯೇ ಗಡಿ ದಾಟಿಸಿತು. ಯುಗೋಸ್ಲಾವಿಯಾದವರು ಬಸ್ಸು ತುಂಬಿ ಟ್ರಿಯೆಸ್ಟಿಗೆ ಬಂದು ಜೀನ್ಸ್ ಪ್ಯಾಂಟಿನೊಂದಿಗೆ ಕಾಫಿ ಪೊಟ್ಟಣಗಳನ್ನೂ ಕೊಂಡೊಯ್ಯುತ್ತಿದ್ದರು. 1980ರ ಸುಮಾರಿಗೆ ಅವರ ದೇಶದಲ್ಲಿ ಕಾಫಿಯ ಅಭಾವ ಬಿದ್ದಾಗ ಈ ಪೊಟ್ಟಣಗಳಿಗೆ ಬಂಗಾರದ ಬೆಲೆ ಬಂದಿತ್ತು.

ಐವತ್ತು ಬೀಜದ ಲೆಕ್ಕ

ಈಗ ನಮ್ಮ ಕಣಕ್ಕೆ ಸಂಬಂಧಿಸಿದ ಭಾಗಕ್ಕೆ ಬರೋಣ. ಟ್ರಿಯೆಸ್ಟಿನ ಹೆಸರುವಾಸಿ ಕಾಫಿ ಕಂಪೆನಿಯಾದ ಇಲ್ಲಿಯನ್ನು 1933ರಲ್ಲಿ ಸ್ಥಾಪಿಸಿದವನು ಫ್ರಾಂಚೆಸ್ಕೊ ಇಲ್ಲಿ. ಇವನೂ ಊರಿಗೆ ಹೊರಗಿನವನೇ. ಈಗ ರುಮೇನಿಯಾಕ್ಕೆ ಸೇರಿರುವ ತೆಮೆಶ್ವಾರದಲ್ಲಿ ಹುಟ್ಟಿದ ಹಂಗೇರಿಯ ಮನುಷ್ಯ. ಮೊದಲ ಮಹಾಯುದ್ಧ ಮುಗಿದ ಮೇಲೆ ಇಲ್ಲಿ ನೆಲಸಿದನು. ಹುರಿದ ಕಾಫಿ ಗಾಳಿ ತಗಲಿ ಹಳಸದಂತೆ ಡಬ್ಬಿಯೊಳಗೆ ಜಡ ಅನಿಲವನ್ನು ಒತ್ತಡದಲ್ಲಿ ತುಂಬುವ ವಿಧಾನವನ್ನು ಕಂಡುಹಿಡಿದವನು ಇವನು. ಇವನ ಮಗ ಅರ್ನೆಸ್ಟೊ ರಸಾಯನಶಾಸ್ತ್ರ ಓದಿದವನು. ಒಂದು ಬಟ್ಟಲು ಕೆಡುವುದು ಯಾವ ಬೀಜದಿಂದ ಎಂಬುದನ್ನೇ ಆಯುಷ್ಯವಿಡೀ ಹುಡುಕಿದನು. ಈ ಕಂಪೆನಿ ಅರೇಬಿಕಾ ಮಾತ್ರ ಬಳಸುತ್ತದೆ. ಅದರ ಮಿಶ್ರಣಕ್ಕೆ ಸೇರುವ ದೇಶಗಳಲ್ಲಿ ಭಾರತವೂ ಒಂದು.

ಎಸ್ಪ್ರೆಸ್ಸೊ ಎಂದರೆ ಸುಮಾರು 7 ಗ್ರಾಂ ಪುಡಿಯ ಮೂಲಕ 90 ಡಿಗ್ರಿಯಷ್ಟು ಬಿಸಿಯಾದ ನೀರನ್ನು ವಾತಾವರಣದ ಒಂಬತ್ತು ಪಟ್ಟು ಒತ್ತಡದಲ್ಲಿ 25ರಿಂದ 30 ಸೆಕೆಂಡು ಹಾಯಿಸಿ ಇಳಿಸಿದ ಎರಡು ಗುಟುಕು ಕಾಫಿ. 7 ಗ್ರಾಮಿಗೆ ಬೀಜಗಳ ಲೆಕ್ಕ ಹಾಕಿದರೆ ಸರಿಸುಮಾರು ಐವತ್ತು. ನಮ್ಮ ಫಿಲ್ಟರ್ ಕಾಫಿಯಲ್ಲಿ ಒಂದೆರಡು ಕೆಟ್ಟ ಬೀಜ ಸೇರಿದರೂ ಹಾಲು, ಸಕ್ಕರೆ, ಚಿಕೋರಿಯ ಮರೆಯಲ್ಲಿ ಅದು ಅಡಗಿಹೋಗುತ್ತದೆ. ಐವತ್ತು ಬೀಜದ ಬಟ್ಟಲಿನಲ್ಲಿ ಅಡಗಲು ಜಾಗವಿಲ್ಲ. ಒತ್ತಡದ ನೀರು ಒಳ್ಳೆಯ ರುಚಿಯನ್ನು ಹಿಂಡಿ ತೆಗೆಯುವಂತೆ ಕೆಟ್ಟದ್ದನ್ನೂ ಹಿಂಡಿ ತೆಗೆಯುತ್ತದೆ. ಪಲ್ಪರಿನ ಸಂದಿಯಲ್ಲೋ ತೊಟ್ಟಿಯ ಮೂಲೆಯಲ್ಲೋ ನಿನ್ನೆಯಿಂದ ಉಳಿದು ಹುಳಿತು ನಾರುವ ಒಂದೇ ಒಂದು ಬೀಜ ಸಾಕು, ಕುಡಿಯುವವನು ಬಟ್ಟಲನ್ನು ಕೆಳಗಿಡುತ್ತಾನೆ. ಆದ್ದರಿಂದಲೇ ಅಂಥ ಕಂಪೆನಿಗಳು ಒಂದೊಂದು ಬೀಜವನ್ನೂ ಯಂತ್ರದ ಕಣ್ಣಿನ ಮುಂದೆ ಹಾಯಿಸಿ, ಬಣ್ಣಗೆಟ್ಟದ್ದನ್ನು ಗಾಳಿಯಿಂದ ಊದಿ ಹೊರಗೆಸೆಯುತ್ತವೆ. ಹೊರಗೆ ಬಿದ್ದ ಬೀಜದ ನಷ್ಟ ಸುತ್ತಿ ಬಂದು ದರದ ರೂಪದಲ್ಲಿ ನಮ್ಮ ಮೇಲೆಯೇ ಬೀಳುತ್ತದೆ.

ನಮ್ಮ ರೋಬಸ್ಟಾ ಬೆಳೆಗಾರರು 'ಇದು ಅರೇಬಿಕಾದ ಮಾತು, ನಮಗಲ್ಲ' ಎನ್ನಬಾರದು. ಇಟಲಿಯಲ್ಲಿ, ಅದರಲ್ಲೂ ದಕ್ಷಿಣಕ್ಕೆ ಹೋದಷ್ಟೂ, ಎಸ್ಪ್ರೆಸ್ಸೊ ಮಿಶ್ರಣದಲ್ಲಿ ರೋಬಸ್ಟಾದ ಪಾಲು ಹೆಚ್ಚುತ್ತದೆ. 1948ರಲ್ಲಿ ಗಾಜ್ಜಿಯಾ ಎಂಬವನ ಸನ್ನೆ ಯಂತ್ರ ಬಂದ ಮೇಲೆ ಬಟ್ಟಲಿನ ಮೇಲೆ ಹೊಂಬಣ್ಣದ ನೊರೆ ನಿಲ್ಲುವುದೇ ಒಳ್ಳೆಯ ಕಾಫಿಯ ಗುರುತಾಯಿತು. ಆ ನೊರೆಯನ್ನು ದಪ್ಪವಾಗಿ ನಿಲ್ಲಿಸುವುದಕ್ಕೂ, ನಾಲಿಗೆಯ ಮೇಲೆ ಭಾರ ಕೊಡುವುದಕ್ಕೂ ರೋಬಸ್ಟಾ ಬೇಕು. ಅದರಲ್ಲೂ ಪಲ್ಪ್ ಮಾಡಿ ತೊಳೆದು ಒಣಗಿಸಿದ ಭಾರತದ ರೋಬಸ್ಟಾ ಪಾರ್ಚ್‌ಮೆಂಟ್ ಮೃದುವೆಂದು ಅಲ್ಲಿ ಒಳ್ಳೆಯ ಹೆಸರಿದೆ. 'ಕಾಪಿ ರಾಯಲ್' ಎಂಬ ಹೆಸರಿನಲ್ಲಿ ಹೋಗುವ ದರ್ಜೆ ಅಂಥದೇ.

ಆದರೆ ಇಲ್ಲೊಂದು ಕೊರತೆಯನ್ನು ಹೇಳಲೇಬೇಕು. ಟ್ರಿಯೆಸ್ಟಿನ ಕಟ್ಟೆಯ ಮುಂದೆ ನಿಂತು 'ಕಾಪೊ ಇನ್ ಬಿ' ಕುಡಿಯುವವನಿಗೆ ತನ್ನ ಲೋಟದ ಕಾಫಿ ಯಾವ ದೇಶದ್ದೆಂದು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಹುರಿದವನ ಹೆಸರೊಂದೇ ಅವನಿಗೆ ಗೊತ್ತು. ಮಿಶ್ರಣದ ಕಲೆಯೇ ಹಾಗೆ, ಹಲವು ದೇಶದ ಬೀಜ ಸೇರಿ ಒಂದೇ ರುಚಿ ಕೊಡಬೇಕು. ಆ ಊರಿನಲ್ಲಿ ಹಲವು ಜನ ತಮ್ಮ ತಮ್ಮ ಹೆಸರನ್ನು ಉಳಿಸಿಕೊಂಡರು, ಅವರ ಬಟ್ಟಲಿನೊಳಗಿನ ಬೀಜ ಮಾತ್ರ ಹೆಸರನ್ನು ಕಳೆದುಕೊಂಡಿತು. ಬೆಲೆಯಲ್ಲಿಯೂ ಇದು ಕಾಣುತ್ತದೆ. 60 ಕಿಲೋದ ಒಂದು ಚೀಲ ಕ್ಲೀನ್ ಕಾಫಿಯನ್ನು ಹುರಿದಾಗ ಸುಮಾರು ಆರನೆಯ ಒಂದು ಪಾಲು ತೂಕ ಹೋಗಿ 50 ಕಿಲೋ ಉಳಿಯುತ್ತದೆಂದು ಹಿಡಿಯಿರಿ. 7 ಗ್ರಾಮಿನಂತೆ ಅದರಿಂದ ಏಳು ಸಾವಿರಕ್ಕೂ ಹೆಚ್ಚು ಬಟ್ಟಲು ಇಳಿಯುತ್ತವೆ. ಒಂದು ಬಟ್ಟಲಿಗೆ ಹೋದ ಕ್ಲೀನ್ ಕಾಫಿ ಎಂಟೂವರೆ ಗ್ರಾಮಿನ ಒಳಗೆ. ಕಿಲೋವಿಗೆ 400 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಬಟ್ಟಲಿಗೆ ಮೂರು ರೂಪಾಯಿ ಚಿಲ್ಲರೆಯಾಯಿತು. ಅಲ್ಲಿ ಆ ಬಟ್ಟಲಿನ ಬೆಲೆ ಒಂದು ಯೂರೋಗಿಂತ ಹೆಚ್ಚು, ಎಂದರೆ ನಮ್ಮ ನೂರು ರೂಪಾಯಿಯ ಆಸುಪಾಸು. ನಡುವೆ ಹಡಗಿನವನು, ಹುರಿಯುವವನು, ಅಂಗಡಿಯ ಬಾಡಿಗೆ, ಕೂಲಿ, ತೆರಿಗೆ ಎಲ್ಲವೂ ಇವೆ. ಎಲ್ಲವೂ ಲಾಭವೆಂದು ನಾವು ಹೇಳುತ್ತಿಲ್ಲ. ಆದರೂ ಈ ಲೆಕ್ಕವನ್ನು ತಮ್ಮ ಈ ವರ್ಷದ ದರ ಹಾಕಿ ಪ್ರತಿ ಸದಸ್ಯರೂ ಒಮ್ಮೆ ಮಾಡಿ ನೋಡಬೇಕು.

ಹೆಸರಿಲ್ಲದ ಈ ಸ್ಥಿತಿ ಬದಲಾಗುವ ಒಂದು ಸೂಚನೆ ಕಾಯಿದೆಯ ದಾರಿಯಿಂದ ಬಂದಿದೆ. ಯುರೋಪಿನ ಒಕ್ಕೂಟ 2023ರಲ್ಲಿ ಒಂದು ನಿಯಮ ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ, ಕಾಫಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶಗಳನ್ನು ಕೊಳ್ಳುವವನು ತೋರಿಸಬೇಕು. 4 ಹೆಕ್ಟೇರಿನವರೆಗೆ, ಎಂದರೆ ಸುಮಾರು ಹತ್ತು ಎಕರೆಯವರೆಗೆ, ತೋಟದೊಳಗಿನ ಒಂದು ಬಿಂದುವನ್ನು ಗುರುತಿಸಿದರೆ ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಲ ಎಲ್ಲೆಯನ್ನೇ ಗುರುತಿಸಬೇಕು. ಜಾರಿಯ ದಿನವನ್ನು ಎರಡು ಬಾರಿ ಮುಂದಕ್ಕೆ ಹಾಕಿದ್ದಾರೆ. ಆದರೂ ಕಾಗದಪತ್ರ ಸಿದ್ಧವಿಟ್ಟುಕೊಳ್ಳುವುದು ಲೇಸು. ನೆರಳು ಮರಗಳ ಕೆಳಗೆ ಬೆಳೆಯುವ ನಮ್ಮ ಹಳೆಯ ತೋಟಗಳಿಗೆ ಇದರಿಂದ ಭಯಕ್ಕಿಂತ ಅನುಕೂಲವೇ ಹೆಚ್ಚೆಂದು ನಮ್ಮ ಅಭಿಪ್ರಾಯ. ದಾಖಲೆ ಬರೆದಿಡುವ ಶ್ರಮ ಮಾತ್ರ ಸಣ್ಣ ಬೆಳೆಗಾರನಿಗೆ ಒಬ್ಬನೇ ಹೊರಲಾಗದ ಹೊರೆ, ಅದು ಸಂಘದ ಮೂಲಕವೇ ಆಗಬೇಕು.

ಇನ್ನೊಂದು ನಿಯಮ ನೇರವಾಗಿ ಕಣಕ್ಕೇ ಸಂಬಂಧಿಸಿದ್ದು. ಬೂಷ್ಟು ಹಿಡಿದ ಕಾಫಿಯಲ್ಲಿ ಆಕ್ರಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಹುರಿದ ಕಾಫಿಯ ಕಿಲೋವಿಗೆ 5 ಮೈಕ್ರೋಗ್ರಾಂ ಇದ್ದ ಮಿತಿಯನ್ನು ಯುರೋಪಿನವರು 2023ರ ಜನವರಿಯಿಂದ 3ಕ್ಕೆ ಇಳಿಸಿದ್ದಾರೆ. ಕೊಯ್ಲಿನ ನಡುವೆ ಅಕಾಲ ಮಳೆ ಬಂದಾಗ ಚೆರಿಯನ್ನು ರಾಶಿ ಹಾಕಿ ಟಾರ್ಪಾಲು ಮುಚ್ಚಿ ಎರಡು ದಿನ ಬಿಟ್ಟರೆ ಒಳಗೆ ಬೇಯುವುದು ಇದೇ. ಮಣ್ಣಿನ ನೆಲದ ಮೇಲೆ ಹರಡಿದ ಕಾಫಿಗೆ ನೆಲದ ತೇವವೂ ಬೂಷ್ಟೂ ಏರುತ್ತವೆ. ಸಿಮೆಂಟಿನ ಕಣವಿಲ್ಲದವರು ಟಾರ್ಪಾಲಿನ ಮೇಲಾದರೂ ತೆಳ್ಳಗೆ ಹರಡಿ, ದಿನಕ್ಕೆ ಹಲವು ಬಾರಿ ಕೈಯಾಡಿಸಬೇಕು. ಪಾರ್ಚ್‌ಮೆಂಟಿನ ತೇವ ನೂರಕ್ಕೆ 10, ಅರೇಬಿಕಾ ಚೆರಿಯದು 10.5, ರೋಬಸ್ಟಾ ಚೆರಿಯದು 11ಕ್ಕೆ ಇಳಿಯುವ ಮೊದಲು ಚೀಲ ಹೊಲಿಯಬಾರದು.

ನಮ್ಮದು ಅಡಿಕೆಯೂ ಇರುವ ಮನೆಗಳಾದ್ದರಿಂದ ಒಂದು ಮಾತನ್ನು ಬೇರೆಯಾಗಿ ಹೇಳುತ್ತೇವೆ. ಕಾಫಿ ಬೀಜ ಪಕ್ಕದ ವಾಸನೆಯನ್ನು ಹೀರುತ್ತದೆ. ಅಡಿಕೆ ಬೇಯಿಸಿದ ಚೊಗರಿನ ಹಂಡೆಯಿರುವ ಕೊಟ್ಟಿಗೆ, ಮೆಣಸಿನ ಮೂಟೆ, ಗೊಬ್ಬರ, ಮೈಲುತುತ್ತ, ಸೀಮೆಎಣ್ಣೆ, ಇವುಗಳ ಪಕ್ಕ ಕಾಫಿ ಇಟ್ಟರೆ ಐವತ್ತು ಬೀಜದ ಬಟ್ಟಲಿನಲ್ಲಿ ಅದು ಮಾತಾಡುತ್ತದೆ. ಗೊಬ್ಬರ ತಂದ ಚೀಲವನ್ನು ಒಗೆದರೂ ಕಾಫಿಗೆ ಉಪಯೋಗಿಸಬೇಡಿ. ಕಾಫಿ ಚೀಲಗಳನ್ನು ಗೋಡೆಗೆ ತಾಗಿಸದೆ ಮರದ ಹಲಗೆಯ ಮೇಲಿಡಬೇಕು.

ಹಡಗಿನ ದಾರಿಯ ವಿಷಯವಾಗಿ ಒಂದೆರಡು ಮಾತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾಗಿ, ಯುರೋಪಿಗೆ ಹೋಗುವ ಅನೇಕ ಹಡಗುಗಳು ಸುಯೆಜ್ ಬಿಟ್ಟು ಆಫ್ರಿಕಾದ ತುದಿಯನ್ನು ಸುತ್ತಬೇಕಾಯಿತು. ಬಾಡಿಗೆಯೂ ಏರಿತು, ದಿನಗಳೂ ಹೆಚ್ಚಿದವು. ಹಾಯಿಹಡಗಿನ ಕಾಲದಲ್ಲಿ ಇದೇ ದಾರಿಯಲ್ಲಿ ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದು ಬಿಳಿಚಿಕೊಂಡ ನಮ್ಮ ಕಾಫಿಯ ರುಚಿಯೇ ಯುರೋಪಿನವರಿಗೆ ಹಿಡಿಸಿತ್ತು. ಅದನ್ನು ಅನುಸರಿಸಿ ನಮ್ಮ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಳಿಗೆ ಹರಡಿ ತಯಾರಿಸುವುದೇ ಮಾನ್ಸೂನ್ಡ್ ಮಲಬಾರ್. ಅದು ಬಲ್ಲವರು ಬೇಕೆಂದು ಕೊಡಿಸಿದ ತೇವ. ನಮ್ಮ ಚೀಲದಲ್ಲಿ ಅಜಾಗ್ರತೆಯಿಂದ ಉಳಿದ ತೇವಕ್ಕೆ ಆ ಹೆಸರು ಸಲ್ಲದು.

ಅಭ್ಯಾಸ: ಒಣಗಿದ ಕಾಫಿಯಿಂದ ಒಂದು ಹಿಡಿ ತೆಗೆದು ಸಿಪ್ಪೆ ಬಿಡಿಸಿ, ಕಣ್ಣು ಮುಚ್ಚಿಕೊಂಡು ಐವತ್ತು ಬೀಜ ಎಣಿಸಿ ಒಂದು ತಟ್ಟೆಗೆ ಹಾಕಿ. ಹೀಗೆ ಹತ್ತು ತಟ್ಟೆ ಮಾಡಿ. ಕಪ್ಪು ಬೀಜ, ಕಾಯಿಕೊರಕ ತೂತು ಕೊರೆದದ್ದು, ಬಲಿಯದ ಹಸಿರು ಕಾಯಿಯದು, ಪಲ್ಪರಿನಲ್ಲಿ ಕತ್ತರಿಸಿಹೋದದ್ದು, ಮೂಸಿದರೆ ಹುಳಿ ನಾರುವುದು, ಇವು ಎಷ್ಟು ತಟ್ಟೆಗಳಲ್ಲಿ ಸಿಕ್ಕಿದವೆಂದು ಚೀಟಿಯಲ್ಲಿ ಬರೆಯಿರಿ. ಸಂಘಕ್ಕೆ ಕಾಫಿ ತರುವಾಗ ಚೀಟಿಯನ್ನೂ ಜೊತೆಗೆ ತಂದರೆ, ಯಾವ ದೋಷ ಯಾವ ಹಂತದಲ್ಲಿ ಸೇರಿತೆಂಬುದನ್ನು ಒಟ್ಟಿಗೆ ಕೂತು ನೋಡಬಹುದು.